ಪ್ರಶ್ನೋತ್ತರ: ಕಾಯುತ್ತಿರುವ ಹುಡುಗರು, ಕರೆಯುತ್ತಿರುವ ಗುಂಪುಗಳು

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಹೆಚ್ಚುಕಡಿಮೆ ಒಂದೇ ವಿಷಯವನ್ನು ಸುತ್ತುತ್ತಿದ್ದುದರಿಂದ, ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವುಗಳನ್ನಷ್ಟೇ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಮೊದಲ ಪತ್ರ ಉದ್ದವಾಗಿತ್ತು, ಸ್ವಲ್ಪ ಮೊಟಕುಗೊಳಿಸಿದ್ದೇವೆ.

ಪ್ರಶ್ನೆ: ನಾನು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ. ಮಗನಿಗೆ 29 ವರ್ಷ. ಎಂ.ಎ. ಮುಗಿಸಿ ಆರು ವರ್ಷಗಳಿಂದ ಧಾರವಾಡದಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದಾನೆ. ಇಂದಿಗೂ ವಾರಕ್ಕೊಮ್ಮೆ ಬಸ್ಸಿನಲ್ಲಿ ಅವನಿಗೆ ರೊಟ್ಟಿ, ಕಾಳುಪಲ್ಯದ ಬುತ್ತಿ ಕಳಿಸುತ್ತೇವೆ. ಒಮ್ಮೆ ಆಯ್ಕೆ ಪಟ್ಟಿಯ ಅಂಚಿಗೆ ಬಂದಿದ್ದ. ಆ ನೇಮಕಾತಿಯೇ ರದ್ದಾಯಿತು. ಅಲ್ಲಿಂದ ಅವನ ಮಾತು ಬದಲಾಗಿದೆ. ರಾತ್ರಿ ಎರಡು ಗಂಟೆಯವರೆಗೆ ಮೊಬೈಲಿನಲ್ಲಿ ಭಾಷಣ ಕೇಳುತ್ತಾನೆ, ಯಾವುದೋ ಗುಂಪಿನ ಜೊತೆ ಊರೂರು ತಿರುಗುತ್ತಾನೆ. ಬಾಲ್ಯದ ಗೆಳೆಯನ ಮದುವೆಗೆ ಹೋಗಲಿಲ್ಲ. ‘ಅವರಂಥವರಿಂದಲೇ ನಮಗೆ ನೌಕರಿ ಇಲ್ಲ’ ಎಂದ. ಜರ್ಮನಿಯಲ್ಲಿ ನಿರುದ್ಯೋಗದಿಂದಲೇ ಹಿಟ್ಲರ್ ಬಂದನೆಂದು ನಾನು ಮಕ್ಕಳಿಗೆ ಪಾಠ ಮಾಡಿದವನು. ಆ ಪಾಠ ಈಗ ನಮ್ಮ ಮನೆಗೆ ಬಂದಿದೆಯೇ?
(ಹೆಸರು ಬೇಡ, ಹಾವೇರಿ ಜಿಲ್ಲೆ)

ಉತ್ತರ: ಆ ಗುಂಪು ಯಾವುದು, ಯಾವ ಬಣ್ಣದ್ದು ಎಂಬುದನ್ನು ತಾವು ಬರೆದಿಲ್ಲ. ಬರೆದಿದ್ದರೂ ನಮ್ಮ ಉತ್ತರ ಬದಲಾಗುತ್ತಿರಲಿಲ್ಲ. ತಮ್ಮ ಪತ್ರದಲ್ಲಿ ಇತಿಹಾಸದ ಪ್ರಶ್ನೆಯೊಂದು, ಮನೆಯ ಪ್ರಶ್ನೆಯೊಂದು ಬೆರೆತಿವೆ. ಮೊದಲನೆಯದರ ಉತ್ತರದಲ್ಲಿ ಎರಡನೆಯದಕ್ಕೂ ಸ್ವಲ್ಪ ದಾರಿ ಸಿಗಬಹುದೆಂದು ಅಲ್ಲಿಂದಲೇ ಶುರುಮಾಡುತ್ತೇವೆ.

ತಾವು ಮಾಡಿದ ಪಾಠ ತಪ್ಪಲ್ಲ, ಆದರೆ ಅರ್ಧ. 1928ರ ಚುನಾವಣೆಯಲ್ಲಿ ಹಿಟ್ಲರನ ನಾಜಿ ಪಕ್ಷಕ್ಕೆ ಸಿಕ್ಕಿದ್ದು ಶೇ 2.6 ಮತ, 12 ಸ್ಥಾನ. 1930ರ ಸೆಪ್ಟೆಂಬರಿನಲ್ಲಿ ಅದು ಶೇ 18.3ಕ್ಕೂ 107 ಸ್ಥಾನಕ್ಕೂ ಏರಿತು, 1932ರ ಜುಲೈನಲ್ಲಿ ಶೇ 37ರ ಮೇಲೆ ಹೋಗಿ 230 ಸ್ಥಾನ ಮುಟ್ಟಿತು. ಇದೇ ಅವಧಿಯಲ್ಲಿ ನೋಂದಾಯಿತ ನಿರುದ್ಯೋಗಿಗಳ ಸಂಖ್ಯೆ ಹದಿಮೂರು ಲಕ್ಷದ ಸುಮಾರಿನಿಂದ ಅರವತ್ತು ಲಕ್ಷವನ್ನು ದಾಟಿತು. ಎರಡೂ ಗೆರೆಗಳು ಒಟ್ಟಿಗೆ ಮೇಲೇರಿದ್ದನ್ನು ಕಂಡು ನಿರುದ್ಯೋಗಿಗಳೇ ಹಿಟ್ಲರನಿಗೆ ಮತ ಹಾಕಿದರು ಎಂದುಕೊಳ್ಳುವುದು ಸಹಜ. ಆದರೆ ಆ ಕಾಲದ ಮತಗಳನ್ನು ಜಿಲ್ಲೆ ಜಿಲ್ಲೆಯಾಗಿ ಜಾಲಾಡಿದ ಸಂಶೋಧಕರು ಕಂಡುಕೊಂಡದ್ದು ಬೇರೆ. ಕೆಲಸ ಕಳೆದುಕೊಂಡ ಕಾರ್ಖಾನೆ ಕಾರ್ಮಿಕರು ಹೆಚ್ಚಾಗಿ ಕಮ್ಯುನಿಸ್ಟರ ಕಡೆ ಹೋದರು. 1932ರ ನವೆಂಬರಿನಲ್ಲಿ ಆ ಪಕ್ಷಕ್ಕೆ 100 ಸ್ಥಾನ ಬಂದದ್ದು ಹಾಗೆ. ನಾಜಿಗಳ ಕಡೆ ವಾಲಿದವರಲ್ಲಿ ಸಣ್ಣ ಅಂಗಡಿಯವರು, ಸ್ವಂತ ಕಸುಬಿನವರು, ಸಣ್ಣ ಹಿಡುವಳಿಯ ರೈತರು ಹೆಚ್ಚು. ಇವರ ಕೆಲಸ ಇನ್ನೂ ಹೋಗಿರಲಿಲ್ಲ. ಇಂದೋ ನಾಳೆಯೋ ಹೋಗುತ್ತದೆ, ಜೊತೆಗೆ ಊರಿನಲ್ಲಿದ್ದ ಮರ್ಯಾದೆಯೂ ಹೋಗುತ್ತದೆ ಎಂದು ಹೆದರಿದವರು.

ಇನ್ನೊಂದು ಗುಂಪು ತಮಗೆ ಹೆಚ್ಚು ಪರಿಚಿತ ಅನ್ನಿಸಬಹುದು: ವಿದ್ಯಾರ್ಥಿಗಳು. ದೇಶ ನಾಜಿಗಳ ಕೈಗೆ ಹೋಗುವುದಕ್ಕೆ ಒಂದೂವರೆ ವರ್ಷ ಮೊದಲೇ, 1931ರಲ್ಲಿ, ಜರ್ಮನಿಯ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳ ರಾಷ್ಟ್ರೀಯ ಒಕ್ಕೂಟದ ಚುಕ್ಕಾಣಿ ನಾಜಿ ವಿದ್ಯಾರ್ಥಿ ಸಂಘದ ಕೈಸೇರಿತ್ತು. ವಕೀಲನೋ ಮೇಷ್ಟರೋ ಸರ್ಕಾರಿ ಅಧಿಕಾರಿಯೋ ಆಗುತ್ತೇನೆಂದು ಮನೆಯವರ ದುಡ್ಡಿನಲ್ಲಿ ಓದಿ ಹೊರಬರುತ್ತಿದ್ದ ಹುಡುಗರಿಗೆ ಕುರ್ಚಿಗಳೇ ಇರಲಿಲ್ಲ. ಅವರು ಹಸಿದಿದ್ದರೆನ್ನುವುದಕ್ಕಿಂತ ಕಾಯುತ್ತಿದ್ದರೆನ್ನುವುದು ಸರಿ. ಹಸಿದವನು ಸಿಕ್ಕಿದ ಕೂಲಿಗೆ ಹೋಗುತ್ತಾನೆ. ಕಾಯುವವನ ಮುಂದೆ ಮನೆಯವರ ತ್ಯಾಗವಿದೆ, ಪದವಿಯಿದೆ, ದಾಟಿಹೋಗುತ್ತಿರುವ ವಯಸ್ಸಿದೆ. ಸಿಕ್ಕಿದ ಕೆಲಸಕ್ಕೆ ಹೋದರೆ ಇದೆಲ್ಲ ವ್ಯರ್ಥವಾಯಿತೆಂದು ತಾನೇ ಒಪ್ಪಿಕೊಂಡಂತೆ. ಆ ಹೊತ್ತಿನಲ್ಲಿ ಯಾರಾದರೂ ಬಂದು ‘ನಿನ್ನದೇನೂ ತಪ್ಪಿಲ್ಲ, ನಿನ್ನ ಪಾಲನ್ನು ಇಂಥವರು ಕಸಿದುಕೊಂಡರು’ ಎಂದು ಬೆರಳು ತೋರಿಸಿದರೆ, ಆ ಮಾತು ವಾದದಂತೆ ಕೇಳಿಸುವುದಿಲ್ಲ, ಸಾಂತ್ವನದಂತೆ ಕೇಳಿಸುತ್ತದೆ. ತಮ್ಮ ಮಗ ಗೆಳೆಯನ ಬಗ್ಗೆ ಆಡಿದ ಮಾತು ಅದೇ ಅಚ್ಚಿನದು.

ನಮ್ಮ ದೇಶದ ಲೆಕ್ಕವೂ ಇದನ್ನೇ ಹೇಳುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2024ರಲ್ಲಿ ಹೊರತಂದ ಭಾರತದ ಉದ್ಯೋಗ ವರದಿಯ ಪ್ರಕಾರ, 2022ರಲ್ಲಿ ಪದವಿ ಪಡೆದ ಯುವಜನರಲ್ಲಿ ನಿರುದ್ಯೋಗ ಶೇ 29.1 ಇದ್ದರೆ, ಓದುಬರಹ ಬಾರದ ಯುವಜನರಲ್ಲಿ ಶೇ 3.4 ಮಾತ್ರ. ಓದದವರು ಸುಖವಾಗಿದ್ದಾರೆಂದು ಇದರ ಅರ್ಥವಲ್ಲ. ಕೆಲಸವಿಲ್ಲದೆ ಕಾಯಬೇಕಾದರೂ ಮನೆಯಲ್ಲಿ ಎರಡು ಹೊತ್ತಿನ ಊಟ ಬೇಕು, ತಮ್ಮ ಹಾಗೆ ಬುತ್ತಿ ಕಳಿಸುವವರು ಬೇಕು. ಧಾರವಾಡದ ಸಪ್ತಾಪುರದಲ್ಲಿ, ಬೆಂಗಳೂರಿನ ವಿಜಯನಗರದಲ್ಲಿ ಬೆಳಗ್ಗೆ ಆರಕ್ಕೇ ಲೈಬ್ರರಿ ಬಾಗಿಲಲ್ಲಿ ನಿಲ್ಲುವ ಹುಡುಗ ಹುಡುಗಿಯರ ಬದುಕು ನೋಟಿಫಿಕೇಶನ್, ಕೀ ಆನ್ಸರ್, ಕಟ್ ಆಫ್, ಏಜ್ ಬಾರ್ ಎಂಬ ನಾಲ್ಕು ಮಾತುಗಳ ನಡುವೆ ಸುತ್ತುತ್ತದೆ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ನಡೆದ ಪರೀಕ್ಷೆ ಅಕ್ರಮದ ಕಾರಣಕ್ಕೆ 2022ರ ಏಪ್ರಿಲ್‌ನಲ್ಲಿ ರದ್ದಾಗಿ, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಎರಡೂಕಾಲು ವರ್ಷ. ಅಷ್ಟರಲ್ಲಿ ವಯಸ್ಸು ಮೀರುವ ಅಂಚಿಗೆ ಬಂದವರಿದ್ದರು, ನಿಶ್ಚಯವಾಗಿದ್ದ ಸಂಬಂಧ ತಪ್ಪಿದವರಿದ್ದರು. ವ್ಯವಸ್ಥೆಯ ಮೇಲಿನ ಇವರ ಸಿಟ್ಟನ್ನು ಉಗ್ರವಾದವೆಂದು ಕರೆಯುವುದು ಅನ್ಯಾಯ. ತಮ್ಮ ಮಗನ ಸಿಟ್ಟಿಗೂ ಕಾರಣವಿದೆ, ಅದನ್ನು ಮೊದಲು ಒಪ್ಪಿಕೊಳ್ಳಿ. ಪರೀಕ್ಷೆ ಕೆಡಿಸಿದವರ ಮೇಲಿದ್ದ ಆ ಸಿಟ್ಟು ಯಾವ ಸಂಬಂಧವೂ ಇಲ್ಲದ ಬಾಲ್ಯಸ್ನೇಹಿತನ ಮೇಲೆ ಹೇಗೆ ತಿರುಗಿತು ಎಂಬುದು ಕೇಳಬೇಕಾದ ಪ್ರಶ್ನೆ.

ತಿರುಗಿಸುವವರು ಸಿದ್ಧಾಂತ ಹಿಡಿದುಕೊಂಡು ಬರುವುದಿಲ್ಲ. ನಾಜಿಗಳ ಕಂದು ಅಂಗಿಯ ದಳ (ಪಕ್ಷದ ಬೀದಿ ಪಡೆ) ಬರ್ಲಿನ್‌ನ ಕಾರ್ಮಿಕರ ಕೇರಿಗಳಲ್ಲಿ ಬೇರುಬಿಟ್ಟ ಬಗೆಯನ್ನು ನೋಡಿ. ಬಿಯರ್ ಅಂಗಡಿಯವನಿಗೆ ವ್ಯಾಪಾರ ಬಿದ್ದುಹೋಗಿರುತ್ತಿತ್ತು. ದಿನವೂ ಇಷ್ಟು ಗಿರಾಕಿಗಳು ಖಾತ್ರಿ ಎಂದು ದಳದವರು ಮಾತು ಕೊಟ್ಟರೆ ಅವನು ಅಂಗಡಿಯನ್ನೇ ಅವರ ಅಡ್ಡೆಯಾಗಲು ಬಿಡುತ್ತಿದ್ದ. ಕೆಲಸವಿಲ್ಲದ ಹುಡುಗನಿಗೆ ಚಳಿಯಲ್ಲಿ ಬೆಚ್ಚಗೆ ಕೂರಲು ಒಂದು ಬೆಂಚು, ಮಾತಿಗೆ ಜನ. ದಳದ್ದೇ ವಸತಿಗೃಹಗಳಿದ್ದವು, ಅಲ್ಲಿ ಮಲಗಲು ಜಾಗ, ಬಿಸಿ ಸೂಪು ಸಿಗುತ್ತಿತ್ತು. ಡ್ರೆಸ್ಡನ್‌ನಲ್ಲಿ ತಯಾರಾಗುತ್ತಿದ್ದ ‘ಸ್ಟುರ್ಮ್’ ಎಂಬ ಸಿಗರೇಟನ್ನೇ ಸದಸ್ಯರು ಸೇದಬೇಕೆಂಬ ಕಟ್ಟುಪಾಡಿತ್ತು, ಅದರ ಲಾಭದಲ್ಲಿ ದಳಕ್ಕೆ ಪಾಲು ಬರುತ್ತಿತ್ತು. ಅಂದರೆ ಬಡ ಹುಡುಗರ ಜೇಬಿನ ಚಿಲ್ಲರೆಯಿಂದಲೇ ಅವರ ಸಂಘಟನೆ ನಡೆಯುತ್ತಿತ್ತು. ಅಂಗಿ ತೊಟ್ಟು ಸಾಲಿನಲ್ಲಿ ನಡೆದಾಗ, ನಿನ್ನೆಯವರೆಗೆ ಯಾರೂ ತಿರುಗಿ ನೋಡದಿದ್ದ ಹುಡುಗನಿಗೆ ಜನ ದಾರಿ ಬಿಡುತ್ತಿದ್ದರು. ದ್ವೇಷದ ಪಾಠ ಆಮೇಲೆ ಬಂತು, ಕೆಲವರಿಗೆ ಬೆಂಚಿನ ಋಣಕ್ಕಾಗಿಯೇ ರುಚಿಸಿತು. 1932ರ ಮಧ್ಯದ ಹೊತ್ತಿಗೆ ಈ ದಳದ ಸಂಖ್ಯೆ ನಾಲ್ಕು ಲಕ್ಷ ದಾಟಿತ್ತು.

ಅದೇ ಹೊತ್ತಿನಲ್ಲಿ ಸರ್ಕಾರ ಏನು ಮಾಡುತ್ತಿತ್ತು? 1927ರಲ್ಲಿ ಜರ್ಮನಿ ನಿರುದ್ಯೋಗ ವಿಮೆಯ ಒಳ್ಳೆಯ ಕಾನೂನೊಂದನ್ನು ಮಾಡಿತ್ತು. 1930ರ ಮಾರ್ಚಿನಲ್ಲಿ, ಆ ವಿಮೆಯ ವಂತಿಗೆಯನ್ನು ಶೇಕಡ ಅರ್ಧದ ಆಸುಪಾಸಿನಲ್ಲಿ ಏರಿಸಬೇಕೇ ಬೇಡವೇ ಎಂಬ ಜಗಳದಲ್ಲಿ ಬಹುಮತವಿದ್ದ ಕೊನೆಯ ಸಮ್ಮಿಶ್ರ ಸರ್ಕಾರ ಬಿದ್ದುಹೋಯಿತು. ಬಳಿಕ ಬಂದ ಚಾನ್ಸಲರ್ (ಸರ್ಕಾರದ ಮುಖ್ಯಸ್ಥ) ಬ್ರೂನಿಂಗ್ ಸಂಸತ್ತನ್ನು ಬದಿಗಿಟ್ಟು ಸುಗ್ರೀವಾಜ್ಞೆಗಳಿಂದಲೇ ಸಂಬಳ, ಪಿಂಚಣಿ, ಪರಿಹಾರಗಳನ್ನು ಕತ್ತರಿಸುತ್ತ ಹೋದರು. 1931ರಲ್ಲಿ 21 ವರ್ಷದೊಳಗಿನವರಿಗೆ, ಮನೆಯವರು ಸಾಕುವ ಸ್ಥಿತಿಯಲ್ಲಿದ್ದರೆ, ವಿಮೆಯ ಹಣವಿಲ್ಲ ಎಂದಾಯಿತು. ಸರ್ಕಾರ ಹೆಚ್ಚು ಕತ್ತರಿ ಆಡಿಸಿದ ಕಡೆಗಳಲ್ಲಿ ನಾಜಿ ಮತ ಹೆಚ್ಚು ಬೆಳೆಯಿತೆಂದು ಈಚಿನ ಸಂಶೋಧನೆಯೊಂದು ತೋರಿಸಿದೆ. ಒಂದು ಬಾಗಿಲು ‘ನಿನ್ನಪ್ಪ ಸಾಕುತ್ತಾನಲ್ಲ, ಹೋಗು’ ಎಂದು ಮುಚ್ಚಿಕೊಂಡಾಗ ಎದುರಿನ ಬಾಗಿಲಲ್ಲಿ ಸೂಪು ಕಾಯುತ್ತಿತ್ತು. ಎಲ್ಲ ಕಡೆಯೂ ಹೀಗೇ ಆಯಿತೆಂದೇನೂ ಅಲ್ಲ. ಕ್ಯಾಥೊಲಿಕ್ ಪ್ರದೇಶಗಳಲ್ಲಿ ಅದೇ ಕಷ್ಟವಿದ್ದರೂ ಜನ ತಮ್ಮ ಹಳೆಯ ಪಕ್ಷವನ್ನು ಬಿಡಲಿಲ್ಲ, ಏಕೆಂದರೆ ಅಲ್ಲಿ ಚರ್ಚು, ಅದರ ಸಂಘಗಳು ಮೊದಲೇ ಜಾಗ ಹಿಡಿದಿದ್ದವು. ಹಾಗೆಂದು ಸಂಘ ಸಂಸ್ಥೆಗಳಿದ್ದರೆ ಸಾಕೆನ್ನುವ ಹಾಗೂ ಇಲ್ಲ: ಗಾಯನ ಕೂಟ, ಪ್ರಾಣಿ ಸಾಕುವವರ ಕೂಟದಂಥವು ಹೆಚ್ಚಿದ್ದ ಎಷ್ಟೋ ಊರುಗಳಲ್ಲಿ ನಾಜಿ ಪಕ್ಷ ಅವುಗಳ ಮೂಲಕವೇ ಬೇಗ ಒಳನುಗ್ಗಿತು.

ಇನ್ನು ಮನೆಯ ಮಾತು. ಭಾಷಣದ ವಿಡಿಯೊಗಳಲ್ಲಿ ಇರುವುದು ಸುಳ್ಳೆಂದು ಸಾಬೀತು ಮಾಡಲು ಹೋಗಬೇಡಿ. ತಾವು ಮೇಷ್ಟರು, ತಿದ್ದುವ ಚಪಲ ಸಹಜ. ಆದರೆ 29 ವರ್ಷದ ಮಗ ಈಗಾಗಲೇ ಸಾಕಷ್ಟು ಪರೀಕ್ಷೆಗಳಲ್ಲಿ ತಪ್ಪು ಗುರುತು ಹಾಕಿಸಿಕೊಂಡು ಬಂದಿದ್ದಾನೆ. ಆ ಗುಂಪು ಅವನಿಗೆ ಏನು ಕೊಡುತ್ತಿದೆ ಎಂದು ನೋಡಿ: ಹೋಗಲೊಂದು ಜಾಗ, ವಹಿಸಿಕೊಳ್ಳಲೊಂದು ಕೆಲಸ, ‘ಅಣ್ಣ’ ಎಂದು ಕರೆಯುವ ಕಿರಿಯರು. ಇದನ್ನು ಬೇರೆ ಕಡೆ ಕೊಡಲಾಗುತ್ತದೆಯೇ? ಆರು ವರ್ಷ ಓದಿದವನಿಗೆ ಗಣಿತ, ಇತಿಹಾಸ, ಸಾಮಾನ್ಯ ಜ್ಞಾನ ಬಾಯಿಪಾಠವಾಗಿರುತ್ತದೆ. ತಮ್ಮೂರಿನಲ್ಲಿ ನವೋದಯ, ಮೊರಾರ್ಜಿ ಪ್ರವೇಶ ಪರೀಕ್ಷೆಗೆ ಕೂರುವ ಮಕ್ಕಳಿದ್ದಾರೆ, ಪಂಚಾಯಿತಿಯ ಗ್ರಂಥಾಲಯವಿದೆ. ಶನಿವಾರ, ಭಾನುವಾರ ಬಂದು ಹೇಳಿಕೊಡು, ತಿಂಗಳಿಗೆ ಇಂತಿಷ್ಟು ಕೊಡುತ್ತಾರೆ ಎಂದು ನಾಲ್ಕು ಪಾಲಕರಿಂದ ಕರೆಸಿ. ತಾವೇ ಕರೆದರೆ ಉಪಕಾರದಂತೆ ಕಾಣುತ್ತದೆ. ಪರೀಕ್ಷೆ ಬಿಡಲು ಹೇಳಬೇಡಿ, ಎಲ್ಲಿಯವರೆಗೆ ಎಂಬ ತಾರೀಕನ್ನು ಮಾತ್ರ ಅವನಿಂದಲೇ ಹೇಳಿಸಿ, ಆ ತಾರೀಕಿನ ಆಚೆಗೆ ಏನು ಎಂಬುದನ್ನೂ ಈಗಲೇ ಒಟ್ಟಿಗೆ ಕೂತು ಮಾತಾಡಿ. ಗೆಳೆಯನ ಮನೆಯೊಂದಿಗಿನ ಹೋಗಿಬರುವುದನ್ನು ತಾವಂತೂ ನಿಲ್ಲಿಸಬೇಡಿ. ಮದುವೆಗೆ ತಾವು ಹೋಗಿದ್ದಿರೆಂದು ನಂಬುತ್ತೇವೆ. ನಿದ್ದೆ ಪೂರ್ತಿ ಕೆಟ್ಟಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು. ಯಾರಿಗಾದರೂ ಹೊಡೆಯುವ, ಬಡಿಯುವ ಮಾತು ಕಿವಿಗೆ ಬಿದ್ದರೆ ಮಾತ್ರ ಇದು ಮನೆಯೊಳಗಿನ ವಿಷಯವಾಗಿ ಉಳಿಯುವುದಿಲ್ಲ, ಆಗ ತಡಮಾಡಬೇಡಿ.

ಪ್ರಶ್ನೆ: ನಮ್ಮ ಅಧ್ಯಾಪಕರೊಬ್ಬರು ‘ಹಿಟ್ಲರ್ ಏನೇ ಮಾಡಿರಲಿ, ನಾಲ್ಕೈದು ವರ್ಷದಲ್ಲಿ ನಿರುದ್ಯೋಗವನ್ನು ಹೊಡೆದೋಡಿಸಿದ’ ಎನ್ನುತ್ತಾರೆ. ಹಾಗಿದ್ದರೆ ಅವನನ್ನು ನಂಬಿದ ಯುವಕರ ಲೆಕ್ಕಾಚಾರ ಸರಿಯಾಗಿತ್ತಲ್ಲವೇ?
(ಬಿ.ಎ. ವಿದ್ಯಾರ್ಥಿ, ತುಮಕೂರು)

ಉತ್ತರ: ಅಂಕಿ ನಿಜ, 1933ರ ಆರಂಭದ ಅರವತ್ತು ಲಕ್ಷ 1937ರ ಹೊತ್ತಿಗೆ ಹತ್ತು ಲಕ್ಷಕ್ಕಿಂತ ಕೆಳಗಿಳಿಯಿತು. ಆದರೆ ಹೇಗೆ ಇಳಿಯಿತು ಎಂಬುದನ್ನು ನಿಮ್ಮ ಅಧ್ಯಾಪಕರು ಹೇಳಿದಂತಿಲ್ಲ. ಆರ್ಥಿಕ ಚೇತರಿಕೆ ಅವನು ಬರುವ ಮುನ್ನವೇ ಮೆಲ್ಲಗೆ ಶುರುವಾಗಿತ್ತು, ಸಾರ್ವಜನಿಕ ಕಾಮಗಾರಿಗಳ ಮೊದಲ ಯೋಜನೆಗಳೂ ಹಿಂದಿನ ಚಾನ್ಸಲರ್‌ಗಳವೇ. ಎಲ್ಲರೂ ಹೊಗಳುವ ಹೆದ್ದಾರಿಗಳಲ್ಲಿ ಅತಿ ಹೆಚ್ಚು ಜನರಿದ್ದಾಗಲೂ ಕೆಲಸ ಮಾಡುತ್ತಿದ್ದವರು ಒಂದೂಕಾಲು ಲಕ್ಷದ ಸುಮಾರು. ಅರವತ್ತು ಲಕ್ಷದಲ್ಲಿ ಅದೆಷ್ಟು ಎಂದು ನೀವೇ ಭಾಗಿಸಿ ನೋಡಿ.

ಸಂಖ್ಯೆ ಇಳಿದದ್ದಕ್ಕೆ ಮುಖ್ಯ ಕಾರಣ ಯುದ್ಧಸಿದ್ಧತೆ. ಬಜೆಟ್ಟಿನಲ್ಲಿ ಕಾಣದಂತೆ ಕಾಗದದ ಮೇಲಷ್ಟೇ ಇದ್ದ ‘ಮೆಫೊ’ ಎಂಬ ಕಂಪನಿಯ ಹೆಸರಿನಲ್ಲಿ ಹುಂಡಿಗಳನ್ನು (ಮುಂದೆ ಹಣ ಕೊಡುತ್ತೇವೆಂಬ ಸಾಲಪತ್ರಗಳನ್ನು) ಹೊರಡಿಸಿ ಶಸ್ತ್ರಾಸ್ತ್ರ ಕಾರ್ಖಾನೆಗಳಿಗೆ ಹಣ ಹರಿಸಲಾಯಿತು. 1938ರ ಹೊತ್ತಿಗೆ ಆ ಸಾಲ ಸುಮಾರು 1,200 ಕೋಟಿ ಮಾರ್ಕ್ ಆಗಿತ್ತು. ಇನ್ನುಳಿದದ್ದರಲ್ಲಿ ಬಹಳಷ್ಟು ಪಟ್ಟಿಯಿಂದ ಹೆಸರು ಅಳಿಸುವ ಕೆಲಸ. 1933ರ ಏಪ್ರಿಲ್‌ನಲ್ಲಿ ಯಹೂದಿಗಳನ್ನೂ ರಾಜಕೀಯ ವಿರೋಧಿಗಳನ್ನೂ ಸರ್ಕಾರಿ ನೌಕರಿಯಿಂದ ಹೊರಹಾಕುವ ಕಾನೂನು ಬಂತು. ಮದುವೆಯಾಗುವ ಜೋಡಿಗೆ 1,000 ಮಾರ್ಕ್‌ವರೆಗೆ ಸಾಲ ಕೊಟ್ಟರು, ಹೆಂಡತಿ ಕೆಲಸ ಬಿಡಬೇಕೆಂಬ ಷರತ್ತಿನ ಮೇಲೆ. 1935ರ ಮಾರ್ಚಿನಲ್ಲಿ ಕಡ್ಡಾಯ ಸೈನಿಕ ಸೇವೆ, ಜೂನ್‌ನಲ್ಲಿ ಯುವಕರಿಗೆ ಆರು ತಿಂಗಳ ಕಡ್ಡಾಯ ಶ್ರಮಸೇವೆ. ಸಂಬಳ ಕೇಳಲು ಸಂಘವೂ ಇರಲಿಲ್ಲ, ಏಕೆಂದರೆ 1933ರ ಮೇ 2ರಂದೇ ಕಾರ್ಮಿಕ ಸಂಘಗಳ ಕಚೇರಿಗಳನ್ನು ವಶಪಡಿಸಿಕೊಂಡು ನಾಯಕರನ್ನು ಬಂಧಿಸಲಾಗಿತ್ತು.

ಲೆಕ್ಕಾಚಾರದ ಪ್ರಶ್ನೆ ಕೇಳಿದ್ದೀರಿ, ಲೆಕ್ಕದಲ್ಲೇ ಉತ್ತರಿಸೋಣ. 1915ರಲ್ಲಿ ಹುಟ್ಟಿದ ಹುಡುಗನಿಗೆ 1935ರಲ್ಲಿ ಇಪ್ಪತ್ತು ತುಂಬಿತು. ಕೈಯಲ್ಲಿ ಸಲಿಕೆ, ಹೆಗಲಿಗೆ ಸಮವಸ್ತ್ರ, ಅವ್ವನಿಗೆ ನೆಮ್ಮದಿ. ಇಪ್ಪತ್ತನಾಲ್ಕಕ್ಕೆ ಪೋಲೆಂಡ್ ಮೇಲೆ ದಾಳಿ, ಇಪ್ಪತ್ತಾರಕ್ಕೆ ರಷ್ಯಾ. ಜರ್ಮನ್ ಸೈನ್ಯದಲ್ಲೇ ಸತ್ತವರು ಐವತ್ತು ಲಕ್ಷಕ್ಕೂ ಹೆಚ್ಚು. ಆ ಸೈನ್ಯ ಮತ್ತು ಆ ಆಡಳಿತ ಕೊಂದವರ ಲೆಕ್ಕ ಬೇರೆ, ಅದು ಇದಕ್ಕಿಂತ ಬಹಳ ದೊಡ್ಡದು.

ಪ್ರಶ್ನೆ: ಬಡತನವೇ ಉಗ್ರವಾದಕ್ಕೆ ಕಾರಣವಾದರೆ ಮಲೆನಾಡಿನ ನಕ್ಸಲ್ ನಾಯಕರು ಓದಿದವರೇಕೆ?
(ಓದುಗರು, ಕೊಪ್ಪ)

ಉತ್ತರ: ಬಡತನವೇ ಕಾರಣವೆಂದು ಯಾರೂ ಹೇಳಬಾರದು; ಬಡವರ ಮೇಲೆ ಸುಮ್ಮನೆ ಸಂಶಯ ಹೊರಿಸಿದಂತಾಗುತ್ತದೆ. ಭಯೋತ್ಪಾದಕರ ಹಿನ್ನೆಲೆಯನ್ನು ಪರಿಶೀಲಿಸಿದ ಅಮೆರಿಕದ ಅರ್ಥಶಾಸ್ತ್ರಜ್ಞ ಅಲನ್ ಕ್ರೂಗರ್ ಕೂಡ ಅವರಲ್ಲಿ ಸುತ್ತಲಿನ ಸಮಾಜಕ್ಕಿಂತ ಹೆಚ್ಚು ಓದಿದವರೇ ಇರುವುದನ್ನು ತೋರಿಸಿದ್ದರು. 2005ರ ಫೆಬ್ರವರಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದ ನಕ್ಸಲ್ ನಾಯಕ ಸಾಕೇತ್ ರಾಜನ್ ಪತ್ರಿಕೋದ್ಯಮ ಓದಿದವರು. ಅವರನ್ನು ಕಾಡಿಗೆ ಕರೆದೊಯ್ದದ್ದು ವಿಚಾರ. ಆದರೆ ಕಾಡಂಚಿನ ಮನೆಗಳಲ್ಲಿ ಅವರ ಮಾತಿಗೆ ಕಿವಿ ಸಿಕ್ಕಿದ್ದು ಬೇರೆ ಕಾರಣಕ್ಕೆ: ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂತಿಮ ಅಧಿಸೂಚನೆ 2001ರಲ್ಲಿ ಹೊರಬಿದ್ದಾಗ, ತಲೆಮಾರುಗಳಿಂದ ಅಲ್ಲಿದ್ದ ಗಿರಿಜನರಿಗೆ ಒಕ್ಕಲೆಬ್ಬಿಸುತ್ತಾರೆಂಬ ಹೆದರಿಕೆ ಹುಟ್ಟಿತ್ತು. ನಾಯಕನನ್ನು ಮಾಡುವುದು ಒಂದು, ಅವನಿಗೆ ನೆರಳು ಕೊಡುವ ಮನೆಗಳನ್ನು ಮಾಡುವುದು ಇನ್ನೊಂದು. ಆರ್ಥಿಕ ಅಭದ್ರತೆ ಕೆಲಸ ಮಾಡುವುದು ಈ ಎರಡನೆಯ ಕಡೆ. 2025ರ ಜನವರಿಯಲ್ಲಿ ಆರು ಮಂದಿ ನಕ್ಸಲರು ಶರಣಾದಾಗಲೂ ಅವರೊಂದಿಗೆ ಮಾತಾಡಿ ಕರೆತಂದದ್ದರಲ್ಲಿ ಬಂದೂಕಿಗಿಂತ ನಾಗರಿಕ ವೇದಿಕೆಯೊಂದರ ಮಧ್ಯಸ್ಥಿಕೆಯ ಪಾಲು ದೊಡ್ಡದಿತ್ತು.

ಪ್ರಶ್ನೆ: ಯುವನಿಧಿಯಂಥ ಯೋಜನೆಗಳಿಂದ ಯುವಕರು ದಾರಿ ತಪ್ಪುವುದು ನಿಲ್ಲುತ್ತದೆಯೇ, ಅಥವಾ ಸೋಮಾರಿಗಳಾಗುತ್ತಾರೆಯೇ?
(ಗೃಹಿಣಿ, ಶಿವಮೊಗ್ಗ)

ಉತ್ತರ: ಎರಡೂ ಅಲ್ಲ. 2024ರ ಜನವರಿ 12ರಂದು ನಿಮ್ಮ ಊರಿನಲ್ಲೇ ಚಾಲನೆ ಪಡೆದ ಯೋಜನೆ ಇದು. ಓದು ಮುಗಿಸಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. 3,000 ರೂಪಾಯಿಗೆ ಯಾರೂ ಸೋಮಾರಿಯಾಗುವುದಿಲ್ಲ. ಅರ್ಜಿ ಶುಲ್ಕ, ಪರೀಕ್ಷಾ ಕೇಂದ್ರಕ್ಕೆ ಬಸ್ ಚಾರ್ಜು, ರೂಮಿನ ಬಾಡಿಗೆಯಲ್ಲೊಂದು ಪಾಲು, ಇಷ್ಟಕ್ಕೆ ಮುಗಿಯುತ್ತದೆ. ಅಪ್ಪನ ಮುಂದೆ ಪ್ರತಿಸಲ ಕೈಚಾಚುವ ಸಂಕಟ ಕಡಿಮೆಯಾಗುವುದು ಸಣ್ಣ ವಿಷಯವಲ್ಲ. ಆದರೆ ಹಣ ಖಾತೆಗೆ ಬೀಳುತ್ತದೆ, ಹುಡುಗ ರೂಮಿನಲ್ಲೇ ಇರುತ್ತಾನೆ. ಬೆಳಗ್ಗೆ ಎದ್ದು ಎಲ್ಲಿಗೆ ಹೋಗಬೇಕು, ಯಾರಿಗೆ ತನ್ನ ಅಗತ್ಯವಿದೆ ಎಂಬುದಕ್ಕೆ ಖಾತೆಯಲ್ಲಿ ಉತ್ತರವಿಲ್ಲ. ಅದಕ್ಕೆ ಉತ್ತರ ಸಿಗುವುದು ಕೆಲಸದಲ್ಲಿ, ಇಲ್ಲವೇ ಗುಂಪಿನಲ್ಲಿ.

ಹೋಲಿಕೆಗೆ ಒಂದು ಹಳೆಯ ಪ್ರಯೋಗ. 1933ರಲ್ಲಿ ಅಮೆರಿಕದಲ್ಲೂ ನಿರುದ್ಯೋಗ ಶೇ 25ರ ಹತ್ತಿರವಿತ್ತು. ಅಧ್ಯಕ್ಷ ರೂಸ್‌ವೆಲ್ಟ್ ಅಧಿಕಾರ ವಹಿಸಿಕೊಂಡ ತಿಂಗಳೊಪ್ಪತ್ತಿನಲ್ಲೇ ಕೆಲಸವಿಲ್ಲದ ಯುವಕರಿಗಾಗಿ ನಾಗರಿಕ ಸಂರಕ್ಷಣಾ ದಳವೊಂದನ್ನು ಕಟ್ಟಲಾಯಿತು. 18ರಿಂದ 25 ವಯಸ್ಸಿನವರು ಕಾಡುಗಳಲ್ಲಿ ಶಿಬಿರ ಹೂಡಿ ಗಿಡ ನೆಡುವುದು, ಮಣ್ಣಿನ ಸವಕಳಿ ತಡೆಯುವುದು, ಉದ್ಯಾನಗಳಲ್ಲಿ ದಾರಿ ಮಾಡುವುದು ಇಂಥ ಕೆಲಸಗಳಲ್ಲಿ ತೊಡಗಿದರು. ಅಕ್ಷರ ಬಾರದವರು ಸಂಜೆ ಅಕ್ಷರ ಕಲಿತರು. 1942ರಲ್ಲಿ ನಿಲ್ಲುವವರೆಗೆ ಮೂವತ್ತು ಲಕ್ಷದ ಸುಮಾರು ಹುಡುಗರು ಅಲ್ಲಿ ದುಡಿದರು. ದೋಷಗಳೂ ಇದ್ದವು: ಹುಡುಗಿಯರಿಗೆ ಅವಕಾಶವಿರಲಿಲ್ಲ, ಕಪ್ಪು ಯುವಕರಿಗೆ ಬೇರೆ ಶಿಬಿರಗಳು. ಸಂಬಳ ತಿಂಗಳಿಗೆ 30 ಡಾಲರ್. ಊಟ, ಬಟ್ಟೆ, ವಸತಿ ಶಿಬಿರದ್ದೇ. ಆ ಮೂವತ್ತರಲ್ಲಿ ಐದು ಡಾಲರ್ ಮಾತ್ರ ಹುಡುಗನ ಕೈಗೆ ಬರುತ್ತಿತ್ತು, ಉಳಿದ ಇಪ್ಪತ್ತೈದು ಅವನ ಹೆಸರಿನಲ್ಲಿ ನೇರವಾಗಿ ಮನೆಗೆ ಹೋಗುತ್ತಿತ್ತು.